ಬ್ರಿಟನ್ನಿನ ರಾಜಕಾರಣದಲ್ಲಿ ಬಹುಸಂಸ್ಕೃತಿ, ರಾಷ್ಟ್ರೀಯತೆ ಮತ್ತು ವರ್ಣಭೇದ

ಬೇರೆ ಬೇರೆ ಮೂಲದ, ಧರ್ಮದ, ಭಾಷೆಯ ಜನ ತಮ್ಮ ನಡೆನುಡಿಯನ್ನು ಬಿಟ್ಟುಕೊಡದೆ ಒಂದೇ ದೇಶದಲ್ಲಿ ಸಮಾನ ಪ್ರಜೆಗಳಾಗಿ ಬಾಳಬಹುದು, ಅದಕ್ಕೆ ಬೇಕಾದ ಅನುಕೂಲವನ್ನು ಸರ್ಕಾರ ಮಾಡಿಕೊಡಬೇಕು ಎಂಬ ನಿಲುವಿಗೆ ಬಹುಸಂಸ್ಕೃತಿವಾದ ಎಂದು ಹೆಸರು. ಕೆನಡಾ ಇದನ್ನು 1971ರಲ್ಲಿ ಅಧಿಕೃತ ನೀತಿಯೆಂದು ಸಾರಿ, 1988ರಲ್ಲಿ ಕಾಯಿದೆಯನ್ನೇ ಮಾಡಿತು. ಬ್ರಿಟನ್ ಎಂದೂ ಹಾಗೆ ಮಾಡಲಿಲ್ಲ. ಅಲ್ಲಿ ಬಹುಸಂಸ್ಕೃತಿ ಬೆಳೆದದ್ದು ಬಸ್ ಡಿಪೋ, ಶಾಲೆ, ಎರಕದ ಕಾರ್ಖಾನೆ, ಪಬ್ಬುಗಳಲ್ಲಿ ನಡೆದ ಸಣ್ಣಪುಟ್ಟ ಜಗಳಗಳಿಂದ, ತುಣುಕು ತುಣುಕಾಗಿ. ಅದರ ಜೊತೆಜೊತೆಗೇ ‘ನಾವು ಯಾರು’ ಎಂಬ ಪ್ರಶ್ನೆ ಚುನಾವಣೆಯಿಂದ ಚುನಾವಣೆಗೆ ಬೇರೆ ಬೇರೆ ವೇಷದಲ್ಲಿ ಬಂದು ನಿಂತಿತು. ಈ ಚರ್ಚೆಯ ಚರಿತ್ರೆಯನ್ನು ದೊಡ್ಡ ಭಾಷಣಗಳ ಚರಿತ್ರೆಯಾಗಿ ಹೇಳುವುದು ರೂಢಿ. ಆದರೆ ಯಾರು ಒಳಗಿನವರು, ಯಾರು ಹೊರಗಿನವರು ಎಂಬುದು ಬಹುಪಾಲು ತೀರ್ಮಾನವಾದದ್ದು ಕಾಯಿದೆಯ ಒಂದು ವ್ಯಾಖ್ಯೆಯಲ್ಲಿ, ಅರ್ಜಿ ನಮೂನೆಯ ಒಂದು ಅಂಕಣದಲ್ಲಿ. ಆದ್ದರಿಂದ ಇಲ್ಲಿ ಭಾಷಣದಷ್ಟೇ ಗಮನವನ್ನು ಕಾಗದಕ್ಕೂ ಕೊಟ್ಟಿದೆ.

ಮೈಬಣ್ಣ ಬ್ರಿಟಿಷ್ ಚುನಾವಣೆಯ ಮಾತಾದದ್ದು ವಲಸೆಯ ಕಾಲಕ್ಕಿಂತ ಬಹಳ ಮುಂಚೆ. ದಾದಾಭಾಯಿ ನವರೋಜಿ 1886ರಲ್ಲಿ ಲಂಡನ್ನಿನ ಹೋಬರ್ನ್ ಕ್ಷೇತ್ರದಲ್ಲಿ ಸೋತರು. ಎರಡು ವರ್ಷದ ಮೇಲೆ ಪ್ರಧಾನಿ ಲಾರ್ಡ್ ಸಾಲಿಸ್‌ಬರಿ ಆ ಸೋಲನ್ನು ಪ್ರಸ್ತಾಪಿಸುತ್ತ, ಇಂಗ್ಲಿಷ್ ಕ್ಷೇತ್ರವೊಂದು ಕರಿಯನನ್ನು ಆರಿಸುವ ಮಟ್ಟಕ್ಕೆ ಇನ್ನೂ ಬಂದಿಲ್ಲ ಎಂಬರ್ಥದ ಮಾತಾಡಿದರು. ಆ ಅವಮಾನ ನವರೋಜಿಯವರಿಗೆ ದೇಶದ ತುಂಬ ಹೆಸರು ತಂದುಕೊಟ್ಟಿತು. 1892ರಲ್ಲಿ ಅವರು ಸೆಂಟ್ರಲ್ ಫಿನ್ಸ್‌ಬರಿಯಿಂದ ಬೆರಳೆಣಿಕೆಯ ಮತಗಳ ಅಂತರದಲ್ಲಿ ಗೆದ್ದು ಸಂಸತ್ತಿಗೆ ಹೋದರು. ನಂತರ ಕನ್ಸರ್ವೇಟಿವ್ ಪಕ್ಷದಿಂದ ಮಂಚೇರ್ಜಿ ಭೌನಗರಿ, 1922ರಲ್ಲಿ ಕಮ್ಯುನಿಸ್ಟ್ ನಾಯಕ ಶಾಪುರ್ಜಿ ಸಕ್ಲತ್‌ವಾಲಾ ಆಯ್ಕೆಯಾದರು. ಮೂವರೂ ಪಾರ್ಸಿಗಳು. ಮುಂದೆ ಹಲವು ದಶಕ ಕೆಳಮನೆಯಲ್ಲಿ ಏಷ್ಯಾ ಅಥವಾ ಆಫ್ರಿಕಾ ಮೂಲದ ಒಂದು ಮುಖವೂ ಇರಲಿಲ್ಲ. ಆ ಬರಗಾಲ ಮುಗಿದದ್ದು 1987ರಲ್ಲಿ, ಡಯಾನ್ ಅಬಟ್, ಬರ್ನಿ ಗ್ರಾಂಟ್, ಪಾಲ್ ಬೋಟೆಂಗ್, ಕೀತ್ ವಾಜ್ ಒಟ್ಟಿಗೇ ಗೆದ್ದಾಗ.

1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆ ವಸಾಹತುಗಳ ಜನರಿಗೂ ಬ್ರಿಟನ್ನಿನ ಜನರಿಗೂ ಒಂದೇ ಪೌರತ್ವ ಕೊಟ್ಟಿತು. ಸ್ವತಂತ್ರ ಭಾರತ, ಪಾಕಿಸ್ತಾನದವರೂ ತಡೆಯಿಲ್ಲದೆ ಬಂದು ನೆಲೆಸಬಹುದಿತ್ತು. ಸಾಮ್ರಾಜ್ಯ ಕಳಚುತ್ತಿದ್ದ ಹೊತ್ತಿನಲ್ಲಿ ಕಾಮನ್‌ವೆಲ್ತ್ ನಂಟನ್ನು ಉಳಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಜನ ಆ ಹಕ್ಕನ್ನು ನಿಜವಾಗಿಯೂ ಬಳಸಿಯಾರು ಎಂದು ದೆಹಲಿ, ಕಿಂಗ್‌ಸ್ಟನ್‌ಗಳ ಕಡೆ ನೋಡುತ್ತಿದ್ದ ಲಂಡನ್ ಅಧಿಕಾರಿಗಳು ಅಷ್ಟಾಗಿ ಎಣಿಸಿರಲಿಲ್ಲ. ಅದೇ ವರ್ಷದ ಜೂನ್ 22ರಂದು ‘ಎಂಪೈರ್ ವಿಂಡ್‌ರಶ್’ ಹಡಗಿನಿಂದ ಕೆರಿಬಿಯನ್ ದ್ವೀಪಗಳ ಸುಮಾರು 800 ಮಂದಿ ಟಿಲ್‌ಬರಿ ಬಂದರಿನಲ್ಲಿ ಇಳಿದರು. ಆ ದಿನವೇ ಆಳುವ ಲೇಬರ್ ಪಕ್ಷದ 11 ಸಂಸದರು ಈ ವಲಸೆಯನ್ನು ತಡೆಯಬೇಕೆಂದು ಪ್ರಧಾನಿ ಆಟ್ಲಿಯವರಿಗೆ ಪತ್ರ ಬರೆದರು. ಬಂದವರು ಯುದ್ಧದಲ್ಲಿ ಜರ್ಜರಿತವಾದ ಊರುಗಳ ರೈಲು, ಬಸ್ಸು, ಆಸ್ಪತ್ರೆ, ಕಾರ್ಖಾನೆಗಳಿಗೆ ಸೇರಿಕೊಂಡರು. ಕೆಲಸ ಸಿಕ್ಕಿದಷ್ಟು ಸುಲಭವಾಗಿ ಬಾಡಿಗೆಗೆ ಕೋಣೆ ಸಿಗಲಿಲ್ಲ. 1958ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲೂ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲೂ ಬಿಳಿಯ ತರುಣರ ಗುಂಪುಗಳು ಕಪ್ಪು ಜನರ ಮೇಲೆ ಬಿದ್ದವು. ಅದಕ್ಕೆ ಉತ್ತರವಾಗಿ ಟ್ರಿನಿಡಾಡ್ ಮೂಲದ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ 1959ರ ಚಳಿಗಾಲದಲ್ಲಿ ಸೇಂಟ್ ಪ್ಯಾಂಕ್ರಸ್ ಪುರಭವನದೊಳಗೆ ಕೆರಿಬಿಯನ್ ಕಾರ್ನಿವಲ್ ನಡೆಸಿದರು.

ಈ ಮೊದಲ ಘಟ್ಟವನ್ನು ಅರಿಯಲು ಸ್ಮೆದಿಕ್ ಊರನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಬರ್ಮಿಂಗ್‌ಹ್ಯಾಮಿಗೆ ತಾಗಿಕೊಂಡಿರುವ ಕಾರ್ಖಾನೆಗಳ ಊರು ಅದು. ಎರಕದ ಕುಲುಮೆಗಳ ಬೇಗೆಯ ಕೆಲಸಕ್ಕೆ ಪಂಜಾಬಿನವರು ಬಂದಿದ್ದರು. ಕೆಲವು ಪಬ್ಬುಗಳಲ್ಲಿ ಅವರಿಗೆ ಒಂದು ಕೋಣೆಯಲ್ಲಿ ಮಾತ್ರ ಪ್ರವೇಶ, ಇನ್ನೊಂದು ಬಿಳಿಯರಿಗೆ ಮೀಸಲು. 1964ರ ಮಹಾಚುನಾವಣೆಯಲ್ಲಿ ಇಲ್ಲಿ ಲೇಬರ್ ಪಕ್ಷದ ಪ್ಯಾಟ್ರಿಕ್ ಗಾರ್ಡನ್ ವಾಕರ್ ಸ್ಪರ್ಧಿಸಿದ್ದರು. ಪಕ್ಷ ಗೆದ್ದರೆ ಅವರೇ ವಿದೇಶಾಂಗ ಸಚಿವರು. ಕನ್ಸರ್ವೇಟಿವ್ ಅಭ್ಯರ್ಥಿ ಪೀಟರ್ ಗ್ರಿಫಿತ್ಸ್ ವಲಸೆಯನ್ನೇ ವಿಷಯ ಮಾಡಿಕೊಂಡರು. ಕರಿಯರು ನೆರೆಮನೆಗೆ ಬರಬೇಕೆಂದಿದ್ದರೆ ಲೇಬರ್‌ಗೆ ಮತ ಹಾಕಿ ಎಂಬ ಅರ್ಥದ, ಬೈಗುಳ ತುಂಬಿದ ಘೋಷಣೆಯೊಂದು ಬೀದಿಗಳಲ್ಲಿ ಹರಿದಾಡಿತು. ಅದು ತಮ್ಮದಲ್ಲ ಎಂದ ಗ್ರಿಫಿತ್ಸ್ ಅದನ್ನು ಖಂಡಿಸಲು ಮಾತ್ರ ಒಪ್ಪಲಿಲ್ಲ. ದೇಶವೆಲ್ಲ ಲೇಬರ್ ಕಡೆ ವಾಲಿದಾಗ ಸ್ಮೆದಿಕ್ ಎದುರು ದಿಕ್ಕಿಗೆ ವಾಲಿ, 1,774 ಮತಗಳಿಂದ ಗ್ರಿಫಿತ್ಸ್ ಗೆದ್ದರು. ಹೊಸ ಪ್ರಧಾನಿ ಹೆರಾಲ್ಡ್ ವಿಲ್ಸನ್ ಸದನದಲ್ಲೇ ಗ್ರಿಫಿತ್ಸ್ ಅವರನ್ನು ಬಹಿಷ್ಕೃತನಂತೆ ಕಾಣಬೇಕೆಂದು ಗುಡುಗಿದರು.

ಸ್ಮೆದಿಕ್‌ನ ಮಾರ್ಷಲ್ ಸ್ಟ್ರೀಟ್ ನಿವಾಸಿಗಳು ಮುಂದಿಟ್ಟ ಬೇಡಿಕೆ ಇನ್ನೂ ಸ್ಪಷ್ಟವಾಗಿತ್ತು: ಬೀದಿಯಲ್ಲಿ ಖಾಲಿ ಬೀಳುವ ಮನೆಗಳನ್ನು ಪುರಸಭೆಯೇ ಕೊಂಡು ಬಿಳಿಯರಿಗೆ ಮಾತ್ರ ಕೊಡಬೇಕು. ಪುರಸಭೆ ಒಪ್ಪಿತು. ಅದಕ್ಕೆ ಬೇಕಾದ ಸಾಲವನ್ನು ಮಂಜೂರು ಮಾಡಲು ವಸತಿ ಸಚಿವ ರಿಚರ್ಡ್ ಕ್ರಾಸ್‌ಮನ್ ನಿರಾಕರಿಸಿದ್ದರಿಂದ ಯೋಜನೆ ನಿಂತಿತು. ಭಾರತೀಯ ಕಾರ್ಮಿಕರ ಸಂಘದವರ ಕರೆಗೆ ಓಗೊಟ್ಟು 1965ರ ಫೆಬ್ರುವರಿ 12ರಂದು ಅಮೆರಿಕದ ಕಪ್ಪು ಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಈ ಬೀದಿಯಲ್ಲಿ ನಡೆದುಹೋದರು. ಒಂಬತ್ತು ದಿನದ ಮೇಲೆ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಅವೇ ವರ್ಷಗಳಲ್ಲಿ ಪಕ್ಕದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಹೋಗಿದ್ದ ಯು.ಆರ್. ಅನಂತಮೂರ್ತಿ ಅಲ್ಲೇ ಕುಳಿತು ‘ಸಂಸ್ಕಾರ’ ಬರೆದರು. ಆ ಕಾದಂಬರಿ ದೂರ್ವಾಸಪುರದ ಅಗ್ರಹಾರದ್ದು, ಸ್ಮೆದಿಕ್‌ನದಲ್ಲ. ಎರಡನ್ನೂ ಗಂಟು ಹಾಕುವ ಅಗತ್ಯವಿಲ್ಲ. ಆದರೂ ಯಾರು ನಮ್ಮವರು, ಯಾರು ಹೊರಗೆ ಎಂದು ಒಂದು ಕೇರಿ ತಲ್ಲಣಿಸುವ ಕನ್ನಡದ ಕಥೆ ಹುಟ್ಟಿದ್ದು ಇಂಥ ನೆರೆಯಲ್ಲಿ ಎಂಬುದು ಕನ್ನಡದ ಓದುಗರು ನೆನಪಿಡಬೇಕಾದ ಸಂಗತಿ.

ಎರಡೂ ದೊಡ್ಡ ಪಕ್ಷಗಳು ಸ್ಮೆದಿಕ್‌ನಿಂದ ಕಲಿತ ಪಾಠ ಒಂದೇ: ಬಾಗಿಲನ್ನು ಕಿರಿದು ಮಾಡು, ಒಳಗೆ ಬಂದವರಿಗೆ ಅಷ್ಟಿಷ್ಟು ರಕ್ಷಣೆ ಕೊಡು. 1962ರ ಕಾಮನ್‌ವೆಲ್ತ್ ವಲಸಿಗರ ಕಾಯಿದೆ ಉದ್ಯೋಗದ ವೋಚರ್ ಪದ್ಧತಿ ತಂದಿತ್ತು. ಆಗ ಅದನ್ನು ಕಟುವಾಗಿ ವಿರೋಧಿಸಿದ್ದ ಲೇಬರ್ ಪಕ್ಷ ಅಧಿಕಾರಕ್ಕೆ ಬಂದ ಮೇಲೆ 1965ರಲ್ಲಿ ವೋಚರುಗಳ ಸಂಖ್ಯೆಯನ್ನು ತಾನೇ ಇಳಿಸಿತು. ಅದೇ ವರ್ಷ ಮೊದಲ ಜನಾಂಗ ಸಂಬಂಧಗಳ ಕಾಯಿದೆಯೂ ಬಂತು. ಹೋಟೆಲು, ಪಬ್ಬು, ಬಸ್ಸುಗಳಂಥ ಸಾರ್ವಜನಿಕ ಜಾಗಗಳಲ್ಲಿ ಭೇದ ಮಾಡಕೂಡದೆಂದು ಅದು ಹೇಳಿತೇ ಹೊರತು, ಜನರಿಗೆ ಅತಿ ಮುಖ್ಯವಾಗಿದ್ದ ಮನೆ ಮತ್ತು ನೌಕರಿಯನ್ನು ಮುಟ್ಟಲಿಲ್ಲ. ಆ ಕೊರತೆ ತುಂಬಿದ್ದು 1968ರ ಎರಡನೆಯ ಕಾಯಿದೆ. ಈ ನಡುವೆ 1966ರಲ್ಲಿ ಗೃಹ ಸಚಿವ ರಾಯ್ ಜೆಂಕಿನ್ಸ್, ಬೆರೆಯುವುದೆಂದರೆ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವುದಲ್ಲ, ಸಮಾನ ಅವಕಾಶ ಮತ್ತು ಪರಸ್ಪರ ಸಹನೆಯ ನಡುವೆ ಸಂಸ್ಕೃತಿಗಳ ವೈವಿಧ್ಯವನ್ನು ಉಳಿಸಿಕೊಳ್ಳುವುದು ಎಂದಿದ್ದರು. ಬ್ರಿಟನ್ನಿನ ಬಹುಸಂಸ್ಕೃತಿ ನೀತಿಗೆ ಮೂಲಸೂತ್ರವೆಂದು ಯಾವುದನ್ನಾದರೂ ತೋರಿಸಬಹುದಾದರೆ ಅದು ಇದೇ.

1968ರ ಆರಂಭದಲ್ಲಿ ಕೀನ್ಯಾದಲ್ಲಿದ್ದ ಭಾರತೀಯ ಮೂಲದವರು ಅಲ್ಲಿನ ಆಫ್ರಿಕೀಕರಣ ನೀತಿಗೆ ಹೆದರಿ ಬ್ರಿಟನ್ನಿಗೆ ಹೊರಟರು. ಅವರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಜೇಮ್ಸ್ ಕ್ಯಾಲಹನ್ ಗೃಹ ಸಚಿವರಾಗಿದ್ದಾಗ ಮೂರೇ ದಿನಗಳಲ್ಲಿ ಸಂಸತ್ತು ಹೊಸ ಕಾಯಿದೆ ಮಾಡಿತು: ತಂದೆ-ತಾಯಿ ಇಲ್ಲವೇ ಅಜ್ಜ-ಅಜ್ಜಿಯರಲ್ಲಿ ಒಬ್ಬರಾದರೂ ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಅಥವಾ ಅಲ್ಲಿ ಪೌರತ್ವ ಪಡೆದಿದ್ದರೆ ಮಾತ್ರ ಮುಕ್ತ ಪ್ರವೇಶ. ಕಾಯಿದೆಯಲ್ಲಿ ಬಣ್ಣದ ಮಾತೇ ಇಲ್ಲ. ಆದರೆ ಇಂಥ ಅಜ್ಜ ನೈರೋಬಿಯ ಬಿಳಿಯ ಕುಟುಂಬಕ್ಕಿರುತ್ತಿದ್ದ, ಗುಜರಾತಿ ಅಂಗಡಿಯವನಿಗೆ ಇರುತ್ತಿರಲಿಲ್ಲ. ಒಂದೇ ಪಾಸ್‌ಪೋರ್ಟಿಗೆ ಎರಡು ಬೆಲೆ ಬಂತು. ಯುರೋಪಿನ ಮಾನವ ಹಕ್ಕುಗಳ ಆಯೋಗ 1973ರಲ್ಲಿ ಇದನ್ನು ಜನಾಂಗ ಭೇದವೆಂದೇ ಕರೆಯಿತು. ಇಡೀ ಚರಿತ್ರೆಯಲ್ಲಿ ಅತ್ಯಂತ ಗಾಢವಾಗಿ ಗಾಯ ಮಾಡಿದ ಕ್ರಮ ಇದೆಂದು ಈ ಲೇಖಕನ ಅಭಿಪ್ರಾಯ. ಇದನ್ನು ಮಾಡಿದ್ದು ಬೆಂಕಿ ಕಾರುವ ಭಾಷಣಕಾರರಲ್ಲ, ಸಭ್ಯರಾದ ಸಚಿವರು.

ಭಾಷಣ ಬಂದದ್ದು ಆಮೇಲೆ. ಅದೇ 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನ ಹೋಟೆಲೊಂದರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನ ಕನ್ಸರ್ವೇಟಿವ್ ಸಂಸದ ಈನಕ್ ಪೊವೆಲ್ ಮಾತಾಡಿದರು. ಎರಡನೆಯ ಜನಾಂಗ ಸಂಬಂಧಗಳ ಮಸೂದೆ ಮೂರು ದಿನದಲ್ಲಿ ಚರ್ಚೆಗೆ ಬರುವುದಿತ್ತು. ಗ್ರೀಕ್-ಲ್ಯಾಟಿನ್ ಪಂಡಿತರಾದ ಪೊವೆಲ್ ವರ್ಜಿಲನ ಕಾವ್ಯದ ರಕ್ತದ ಹೊಳೆಯ ಚಿತ್ರವನ್ನು ಎತ್ತಿಕೊಂಡು, ವಲಸೆಯಿಂದ ದೇಶಕ್ಕೆ ಕೇಡು ಕಾದಿದೆ ಎಂದರು. ತಮ್ಮ ಕ್ಷೇತ್ರದ ಬೀದಿಯಲ್ಲಿ ಒಂಟಿಯಾಗಿ ಉಳಿದ ಬಿಳಿಯ ವೃದ್ಧೆಯೊಬ್ಬರ ಕಥೆ ಹೇಳಿದರು. ಪತ್ರಕರ್ತರು ಎಷ್ಟು ಹುಡುಕಿದರೂ ಆಗ ಆ ವೃದ್ಧೆ ಸಿಗಲಿಲ್ಲ. ಪಕ್ಷದ ನಾಯಕ ಎಡ್ವರ್ಡ್ ಹೀತ್ ಪೊವೆಲ್‌ರನ್ನು ಛಾಯಾ ಸಂಪುಟದಿಂದ ಕೂಡಲೇ ತೆಗೆದರು. ಲಂಡನ್ ಬಂದರಿನ ಕಾರ್ಮಿಕರು ಪೊವೆಲ್ ಪರ ಮೆರವಣಿಗೆ ಹೊರಟರು. ಗ್ಯಾಲಪ್ ಸಮೀಕ್ಷೆಯಲ್ಲಿ 74 ಶೇಕಡ ಜನ ಅವರ ಮಾತಿಗೆ ತಲೆದೂಗಿದರು. ಯುದ್ಧಕಾಲದಲ್ಲಿ ಭಾರತದಲ್ಲಿದ್ದು ಉರ್ದು ಕಲಿತವರು, 1960ರಿಂದ 1963ರವರೆಗೆ ಆರೋಗ್ಯ ಸಚಿವರಾಗಿ ವಿದೇಶಿ ದಾದಿಯರು, ವೈದ್ಯರ ದುಡಿಮೆಯ ಮೇಲೆ ಆಸ್ಪತ್ರೆಗಳನ್ನು ನಡೆಸಿದವರು ಈ ಭಾಷಣ ಮಾಡಿದರು. ವಲಸೆಯ ಬಗ್ಗೆ ಕಠಿಣವಾಗಿ ಮಾತಾಡುವ ಯಾವ ರಾಜಕಾರಣಿಯನ್ನೂ ಅಂದಿನಿಂದ ಇಂದಿನವರೆಗೆ ಪೊವೆಲ್ ಜೊತೆ ಹೋಲಿಸಿ ನೋಡುವುದು ಅಲ್ಲಿ ವಾಡಿಕೆಯಾಗಿದೆ.

ಪೊವೆಲ್ ತಮ್ಮ ಭಾಷಣದಲ್ಲಿ ಟೀಕಿಸಿದ್ದರಲ್ಲಿ ಅವರದೇ ಊರಿನ ಒಂದು ಪೇಟವೂ ಇತ್ತು. 1967ರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನ ಸಿಖ್ ಬಸ್ ಚಾಲಕರೊಬ್ಬರು ಕಾಯಿಲೆಯ ರಜೆ ಮುಗಿಸಿ ಗಡ್ಡ ಬಿಟ್ಟು, ಪೇಟ ಸುತ್ತಿಕೊಂಡು ಕೆಲಸಕ್ಕೆ ಬಂದರು. ಸಮವಸ್ತ್ರದ ನಿಯಮ ಮೀರಿದ್ದೀರಿ ಎಂದು ಡಿಪೋದವರು ಮನೆಗೆ ಕಳಿಸಿದರು. ಸಾವಿರಾರು ಸಿಖ್ಖರು ಬೀದಿಗಿಳಿದರು, ದೆಹಲಿಯಲ್ಲೂ ಪ್ರತಿಭಟನೆ ನಡೆಯಿತು. ಸಿಖ್ ಮುಖಂಡರೊಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳುವುದಾಗಿ ಗಡುವು ಕೊಟ್ಟ ಮೇಲೆ 1969ರ ಏಪ್ರಿಲ್‌ನಲ್ಲಿ ಸಾರಿಗೆ ಸಮಿತಿ ನಿಷೇಧವನ್ನು ಕೈಬಿಟ್ಟಿತು. 1976ರಲ್ಲಿ ಪೇಟ ಧರಿಸುವ ಸಿಖ್ ಬೈಕ್ ಸವಾರರಿಗೆ ಹೆಲ್ಮೆಟ್‌ನಿಂದ ವಿನಾಯಿತಿ ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಖಾಸಗಿ ಶಾಲೆಯೊಂದು ಪೇಟ ತೆಗೆಯದ ಹುಡುಗನನ್ನು ಸೇರಿಸಿಕೊಳ್ಳದಿದ್ದಾಗ, ಸಿಖ್ಖರು ಧರ್ಮದ ಗುಂಪು ಮಾತ್ರವಲ್ಲ, ಕಾಯಿದೆಯ ರಕ್ಷಣೆಗೆ ಅರ್ಹವಾದ ಜನಾಂಗವೂ ಹೌದು ಎಂದು ಲಾರ್ಡ್ಸ್ ಸಭೆಯ ನ್ಯಾಯಪೀಠ 1983ರಲ್ಲಿ ತೀರ್ಪಿತ್ತಿತು. ಬಹುಸಂಸ್ಕೃತಿ ಎಂದರೆ ಸರ್ಕಾರ ಮೇಲಿನಿಂದ ಹೇರಿದ ಸಿದ್ಧಾಂತ ಎನ್ನುವವರು ಈ ಪೇಟದ ಹದಿನಾರು ವರ್ಷಗಳ ಹಾದಿಯನ್ನು ಮರೆಯುತ್ತಾರೆ. ಉತ್ತರ ಲಂಡನ್ನಿನ ಗ್ರನ್‌ವಿಕ್ ಫೋಟೋ ಸಂಸ್ಕರಣ ಕಾರ್ಖಾನೆಯಲ್ಲಿ 1976ರಿಂದ ಎರಡು ವರ್ಷ ಮುಷ್ಕರ ನಡೆಸಿದ ಜಯಾಬೆನ್ ದೇಸಾಯಿ ಮತ್ತು ಸಂಗಡಿಗರು ಸೋತರು, ನಿಜ. ಆದರೆ ಸೀರೆಯುಟ್ಟ ಗುಜರಾತಿ ಹೆಂಗಸರ ಬೆನ್ನಿಗೆ ಬಿಳಿಯ ಗಣಿ ಕಾರ್ಮಿಕರು, ಅಂಚೆ ನೌಕರರು ನಿಂತದ್ದನ್ನು ದೇಶ ಆಗ ಮೊದಲ ಸಲ ಕಂಡಿತು.

1972ರಲ್ಲಿ ಇದಿ ಅಮೀನ್ ಹೊರದೂಡಿದ ಉಗಾಂಡಾದ ಏಷ್ಯನ್ನರಲ್ಲಿ ಸುಮಾರು 28,000 ಮಂದಿಯನ್ನು ಹೀತ್ ಸರ್ಕಾರ ಬರಮಾಡಿಕೊಂಡಿತು. ನಮ್ಮ ಊರಿಗೆ ಬರಬೇಡಿ ಎಂದು ಲೆಸ್ಟರ್ ನಗರಸಭೆ ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು; 2021ರ ಜನಗಣತಿಯಲ್ಲಿ ಆ ನಗರದ 43 ಶೇಕಡಕ್ಕೂ ಹೆಚ್ಚು ಜನ ಏಷ್ಯಾ ಮೂಲದವರು. 1976ರ ಮೂರನೆಯ ಜನಾಂಗ ಸಂಬಂಧಗಳ ಕಾಯಿದೆ, ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಆಗಿದ್ದು ಒಂದು ಗುಂಪನ್ನು ಮಾತ್ರ ಹೊರಗಿಡುವ ಪರೋಕ್ಷ ಭೇದವನ್ನೂ ಕಾನೂನುಬಾಹಿರ ಎಂದಿತು. 1978ರ ಟಿ.ವಿ. ಸಂದರ್ಶನದಲ್ಲಿ ಮಾರ್ಗರೆಟ್ ಥ್ಯಾಚರ್, ಬೇರೆ ಸಂಸ್ಕೃತಿಯವರು ತುಂಬಿಕೊಂಡಾರೆಂಬ ಭಯ ಜನರಲ್ಲಿದೆ ಎಂದರು. ಗಮನಿಸಬೇಕಾದದ್ದು ಪದದ ಬದಲಾವಣೆ: ಅಲ್ಲಿಯವರೆಗೆ ಬಣ್ಣ ಎನ್ನುತ್ತಿದ್ದ ಕಡೆ ಈಗ ಸಂಸ್ಕೃತಿ ಎಂಬ ಪದ ಬಂದು ಕುಳಿತಿತ್ತು.

ಸಲ್ಮಾನ್ ರಶ್ದಿಯವರ ಕಾದಂಬರಿಯ ಪ್ರತಿಯನ್ನು 1989ರ ಜನವರಿಯಲ್ಲಿ ಬ್ರ್ಯಾಡ್‌ಫರ್ಡ್‌ನಲ್ಲಿ ಸುಟ್ಟದ್ದು, ಮರುತಿಂಗಳು ಇರಾನಿನಿಂದ ಫತ್ವಾ ಬಂದದ್ದು ಚರ್ಚೆಯ ದಿಕ್ಕನ್ನೇ ತಿರುಗಿಸಿತು. ಅದುವರೆಗೆ ವಾದ ಕಪ್ಪು-ಬಿಳುಪಿನದಾಗಿತ್ತು, ಇನ್ನು ಮುಂದೆ ಧರ್ಮದ್ದಾಯಿತು. ಪುಸ್ತಕ ಸುಡುವುದಕ್ಕೂ ಲೇಖಕನ ತಲೆ ಕೇಳುವುದಕ್ಕೂ ಯಾವ ಸಮರ್ಥನೆಯೂ ಇಲ್ಲ. ಆದರೆ ಬ್ರಿಟನ್ನಿನ ಧರ್ಮನಿಂದೆ ಕಾನೂನು ಕ್ರೈಸ್ತ ಧರ್ಮವನ್ನು ಮಾತ್ರ ಕಾಯುತ್ತಿತ್ತು ಎಂಬ ಮುಸ್ಲಿಮರ ದೂರು ಸತ್ಯವಾಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಕಾನೂನು ರದ್ದಾದದ್ದು 2008ರಲ್ಲಿ. ರಶ್ದಿ ಪ್ರಕರಣದ ಮರುವರ್ಷ, 1990ರಲ್ಲಿ, ಕನ್ಸರ್ವೇಟಿವ್ ನಾಯಕ ನಾರ್ಮನ್ ಟೆಬಿಟ್ ಕ್ರಿಕೆಟ್ಟನ್ನು ಎಳೆತಂದರು: ವಲಸಿಗರು ಯಾವ ತಂಡಕ್ಕೆ ಚಪ್ಪಾಳೆ ತಟ್ಟುತ್ತಾರೆ ಎಂಬುದೇ ನಿಷ್ಠೆಯ ಪರೀಕ್ಷೆ. ಭಾರತದ ಮುಸ್ಲಿಮರಿಗೆ ಒಡ್ಡಲಾಗುವ ಪರೀಕ್ಷೆಯೂ ಇದೇ ಆದ್ದರಿಂದ ಇದರ ಅನ್ಯಾಯ ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

1993ರ ಏಪ್ರಿಲ್ 22ರ ರಾತ್ರಿ ಆಗ್ನೇಯ ಲಂಡನ್ನಿನ ಬಸ್ ನಿಲ್ದಾಣದಲ್ಲಿ 18 ವರ್ಷದ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನನ್ನು ಬಿಳಿಯ ತರುಣರು ಇರಿದು ಕೊಂದರು. ತನಿಖೆ ಹಾಳಾಯಿತು. ಹೆತ್ತವರ ಬಿಡದ ಹೋರಾಟದಿಂದ ನೇಮಕಗೊಂಡ ಮ್ಯಾಕ್‌ಫರ್ಸನ್ ವಿಚಾರಣೆ 1999ರಲ್ಲಿ ಲಂಡನ್ ಪೊಲೀಸ್ ವ್ಯವಸ್ಥೆಯಲ್ಲೇ ವರ್ಣಭೇದ ಬೇರೂರಿದೆ ಎಂದು ಹೇಳಿತು. 1981ರ ಬ್ರಿಕ್ಸ್‌ಟನ್ ಗಲಭೆಯ ಮೇಲೆ ವರದಿ ಕೊಟ್ಟ ಲಾರ್ಡ್ ಸ್ಕಾರ್ಮನ್ ಈ ಮಾತನ್ನು ಒಪ್ಪಿರಲಿಲ್ಲ. ಕೊಲೆಗಾಗಿ ಇಬ್ಬರಿಗೆ ಶಿಕ್ಷೆಯಾಗಲು 2012 ಬರಬೇಕಾಯಿತು. ಮ್ಯಾಕ್‌ಫರ್ಸನ್ ವರದಿಯ ಮರುವರ್ಷ ಗುಜರಾತ್ ಮೂಲದ ರಾಜ್ಯಶಾಸ್ತ್ರಜ್ಞ ಭಿಕ್ಕು ಪಾರೇಖ್ ಅಧ್ಯಕ್ಷತೆಯ ಆಯೋಗ, ಬ್ರಿಟನ್ ಎಂದರೆ ಪ್ರಜೆಗಳ ಸಮುದಾಯವೂ ಹೌದು, ಸಮುದಾಯಗಳ ಸಮುದಾಯವೂ ಹೌದು ಎಂಬ ಕಲ್ಪನೆಯನ್ನು ಮುಂದಿಟ್ಟಿತು. ‘ಬ್ರಿಟಿಷ್’ ಎಂಬ ಪದಕ್ಕೆ ಬಾಯಿಬಿಟ್ಟು ಹೇಳದ ಜನಾಂಗದ ಅರ್ಥವೊಂದು ಅಂಟಿಕೊಂಡಿದೆ ಎಂಬ ಒಂದು ವಾಕ್ಯವನ್ನು ಹಿಡಿದು ಪತ್ರಿಕೆಗಳು ವರದಿಯ ಮೇಲೆ ಹರಿಹಾಯ್ದವು. ಸಚಿವ ಜ್ಯಾಕ್ ಸ್ಟ್ರಾ ಅದರಿಂದ ದೂರ ಸರಿದರು. ಆ ವರದಿಗೆ ನ್ಯಾಯವಾದ ಓದು ದಕ್ಕಲೇ ಇಲ್ಲ.

2001ರ ಬೇಸಿಗೆಯಲ್ಲಿ ಓಲ್ಡಮ್, ಬರ್ನ್‌ಲಿ, ಬ್ರ್ಯಾಡ್‌ಫರ್ಡ್‌ಗಳು ಹೊತ್ತಿ ಉರಿದವು. ಬಟ್ಟೆ ಗಿರಣಿಗಳು ಮುಚ್ಚಿ, ಬಿಳಿಯರೂ ಪಾಕಿಸ್ತಾನಿ-ಬಾಂಗ್ಲಾ ಮೂಲದವರೂ ಬೇರೆ ಬೇರೆ ಕೇರಿ, ಬೇರೆ ಬೇರೆ ಶಾಲೆಗಳಲ್ಲಿ ಬಡವರಾಗಿ ಉಳಿದಿದ್ದ ಊರುಗಳಿವು. ಟೆಡ್ ಕ್ಯಾಂಟಲ್ ವರದಿ ಇದನ್ನು ಒಂದನ್ನೊಂದು ಸಂಧಿಸದ ಬದುಕುಗಳು ಎಂದು ಕರೆಯಿತು. 2005ರ ಜುಲೈ 7ರಂದು ಲಂಡನ್ನಿನಲ್ಲಿ ಆತ್ಮಾಹುತಿ ಬಾಂಬುಗಳಿಗೆ 52 ಮಂದಿ ಬಲಿಯಾದ ಮೇಲೆ ಸರ್ಕಾರದ ಮಾತು ವೈವಿಧ್ಯದಿಂದ ಬ್ರಿಟಿಷ್ ಮೌಲ್ಯಗಳ ಕಡೆಗೆ ಹೊರಳಿತು. ಪೌರತ್ವಕ್ಕೆ ಪರೀಕ್ಷೆ ಬಂತು. 2011ರಲ್ಲಿ ಪ್ರಧಾನಿ ಡೇವಿಡ್ ಕ್ಯಾಮೆರಾನ್ ಮ್ಯೂನಿಕ್‌ನಲ್ಲಿ ನಿಂತು ಸರ್ಕಾರಿ ಬಹುಸಂಸ್ಕೃತಿವಾದ ಸೋತಿದೆ ಎಂದರು. ಗಿರಣಿ ಮುಚ್ಚಿದ್ದರ ಹೊಣೆಯನ್ನು ಸಂಸ್ಕೃತಿಯ ತಲೆಗೆ ಕಟ್ಟುವುದು ಸುಲಭವಾಗಿತ್ತು.

ಕಾಗದ ಮತ್ತೆ ಮುನ್ನೆಲೆಗೆ ಬಂದದ್ದು ವಿಂಡ್‌ರಶ್ ಹಗರಣದಲ್ಲಿ. 1973ರ ಜನವರಿ 1ಕ್ಕೆ ಮೊದಲು ಬಂದು ನೆಲೆಸಿದ ಕಾಮನ್‌ವೆಲ್ತ್ ಪ್ರಜೆಗಳಿಗೆ ಉಳಿಯುವ ಹಕ್ಕಿತ್ತು. ಅವರಲ್ಲಿ ಎಷ್ಟೋ ಜನ ಅಪ್ಪ-ಅಮ್ಮನ ಕೈ ಹಿಡಿದು ಮಕ್ಕಳಾಗಿ ಬಂದವರು, ತಾವು ಬ್ರಿಟಿಷರೆಂದೇ ತಿಳಿದವರು. ಬೇರೆ ಪತ್ರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. 2012ರಲ್ಲಿ ಗೃಹ ಸಚಿವೆ ತೆರೇಸಾ ಮೇ, ಅಕ್ರಮ ವಲಸಿಗರಿಗೆ ದೇಶದಲ್ಲಿ ಬದುಕುವುದೇ ದುಸ್ತರವಾಗುವಂತೆ ಮಾಡುವ ನೀತಿಯನ್ನು ಸಾರಿದರು. 2014, 2016ರ ವಲಸೆ ಕಾಯಿದೆಗಳ ಮೂಲಕ ಮನೆ ಮಾಲೀಕರು, ಬ್ಯಾಂಕುಗಳು, ಉದ್ಯೋಗದಾತರು ದಾಖಲೆ ತಪಾಸಣೆಗೆ ನಿಂತರು. ನಲವತ್ತು ಐವತ್ತು ವರ್ಷ ದುಡಿದು ತೆರಿಗೆ ಕಟ್ಟಿದವರು ಪ್ರತಿಯೊಂದು ವರ್ಷಕ್ಕೂ ತಾವು ಇಲ್ಲಿದ್ದೆವೆಂಬ ಪುರಾವೆ ಒದಗಿಸಬೇಕಾಯಿತು. ಹಡಗಿನಿಂದ ಇಳಿದಾಗ ತುಂಬಿಸಿಕೊಂಡಿದ್ದ ಚೀಟಿಗಳು ಅನೇಕರಿಗೆ ಆಧಾರವಾಗಬಹುದಿತ್ತು. ಅವನ್ನು ಗೃಹ ಇಲಾಖೆ 2010ರಲ್ಲೇ ನಾಶ ಮಾಡಿತ್ತು. ಕೆಲಸ ಹೋಯಿತು, ಮನೆ ಹೋಯಿತು. ಒಬ್ಬರಿಗೆ ಕ್ಯಾನ್ಸರ್ ಚಿಕಿತ್ಸೆಗೆ 54,000 ಪೌಂಡ್ ಕೇಳಲಾಯಿತು. 80ಕ್ಕೂ ಹೆಚ್ಚು ಮಂದಿಯನ್ನು ದೇಶದಿಂದ ಹೊರಕ್ಕೆ ಕಳಿಸಲಾಗಿತ್ತು. 2018ರ ಏಪ್ರಿಲ್‌ನಲ್ಲಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಪರಿಹಾರದ ಅರ್ಜಿಗಳು ಆಮೆ ವೇಗದಲ್ಲಿ ಸಾಗಿ, ಹಣ ಕೈಸೇರುವ ಮೊದಲೇ ಕೆಲವರು ತೀರಿಕೊಂಡರು. ದಾಖಲೆ ತೋರಿಸಿ ನಾಗರಿಕತ್ವ ರುಜುವಾತು ಮಾಡಿ ಎಂಬ ಬೇಡಿಕೆ ಎಲ್ಲೇ ಕೇಳಿಬಂದರೂ ಈ ಪ್ರಕರಣವನ್ನು ಓದಬೇಕು.

ಮೇಲ್ತುದಿಯಲ್ಲಿ ಚಿತ್ರ ಬೇರೆ. 2022ರ ಅಕ್ಟೋಬರ್‌ನಲ್ಲಿ ರಿಷಿ ಸುನಕ್ ಪ್ರಧಾನಿಯಾದಾಗ, ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಪತಿ ಎಂಬ ನಂಟಿನಿಂದ ನಮ್ಮವರು ‘ಕರ್ನಾಟಕದ ಅಳಿಯ’ ಎಂದು ಹಿಗ್ಗಿದರು. ಲಂಡನ್ ಮೇಯರ್ ಸಾದಿಕ್ ಖಾನ್, ಸ್ಕಾಟ್ಲೆಂಡಿನ ಪ್ರಥಮ ಸಚಿವರಾಗಿದ್ದ ಹಮ್ಜಾ ಯೂಸುಫ್, ಕನ್ಸರ್ವೇಟಿವ್ ನಾಯಕಿ ಕೆಮಿ ಬೇಡನಾಕ್ ಇವರ ಏರಿಕೆ ಅಣಕವಲ್ಲ, ನಿಜವಾದ ಬದಲಾವಣೆ. ಆದರೆ ಬಹುಸಂಸ್ಕೃತಿ ಸೋತಿದೆ ಎಂದು 2023ರಲ್ಲಿ ಸಾರಿದ ಗೃಹ ಸಚಿವೆ ಸುವೆಲ್ಲಾ ಬ್ರೇವರ್‌ಮನ್ ಕೀನ್ಯಾ ಮತ್ತು ಮಾರಿಷಸ್‌ನಿಂದ ಬಂದ ಭಾರತೀಯ ಮೂಲದವರ ಮಗಳೇ.

ಭಾರತೀಯರು ತಮ್ಮೊಂದಿಗೆ ಒಯ್ದ ಜಾತಿ ಭೇದದ ಮಾತನ್ನೂ ಇಲ್ಲಿ ಹೇಳಬೇಕು. ಥೇಮ್ಸ್ ದಡದ ಲ್ಯಾಂಬೆತ್‌ನಲ್ಲಿ, ಆ ನಗರಸಭೆಯ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಬಸವಣ್ಣನವರ ಪ್ರತಿಮೆ 2015ರ ನವೆಂಬರ್‌ನಲ್ಲಿ ಅನಾವರಣಗೊಂಡಿತು. 2010ರ ಸಮಾನತಾ ಕಾಯಿದೆ ಜಾತಿಯನ್ನು ಭೇದದ ಕಾರಣಗಳಲ್ಲಿ ಸೇರಿಸಲು ಅವಕಾಶ ಕೊಟ್ಟಿತ್ತು, 2013ರ ತಿದ್ದುಪಡಿ ಸೇರಿಸಲೇಬೇಕು ಎಂದಿತ್ತು. ದಲಿತ ಸಂಘಟನೆಗಳು ಒತ್ತಾಯಿಸಿದವು, ಹಲವು ಹಿಂದೂ ಸಂಘಟನೆಗಳು ವಿರೋಧಿಸಿದವು. ಬಿಹಾರದಿಂದ ಕರೆತಂದ ಆದಿವಾಸಿ ಮನೆಗೆಲಸದ ಹೆಣ್ಣುಮಗಳ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಮಂಡಳಿ 2014ರಲ್ಲಿ, ಜಾತಿ ಈಗಿರುವ ಜನಾಂಗ ಮೂಲದ ವ್ಯಾಖ್ಯೆಯೊಳಗೇ ಬರಬಹುದು ಎಂದಿತು. ಅದೇ ತೀರ್ಪನ್ನು ಆಧಾರ ಮಾಡಿಕೊಂಡು, ಪ್ರತ್ಯೇಕ ಕಾನೂನು ಬೇಡವೆಂದು ಸರ್ಕಾರ 2018ರಲ್ಲಿ ಕೈತೊಳೆದುಕೊಂಡಿತು. ಬಸವಣ್ಣನವರ ಪ್ರತಿಮೆಯಿಂದ ಹೊಳೆಯಾಚೆಗೆ ಕಾಣುವ ಸಂಸತ್ತಿನಲ್ಲಿ ಜಾತಿಯು ಕಾಯಿದೆಯ ಭೇದದ ಕಾರಣಗಳ ಪಟ್ಟಿಗೆ ಏರದೆ ಉಳಿದದ್ದು ಕನ್ನಡಿಗರಿಗೆ ನೋವಿನ ಸಂಗತಿಯಾಗಬೇಕು.

2016ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ 52 ಶೇಕಡ ಜನ ಯುರೋಪಿಯನ್ ಒಕ್ಕೂಟದಿಂದ ಹೊರಬರಲು ಮತ ಹಾಕಿದರು. ಪೋಲೆಂಡ್, ರೊಮೇನಿಯಾದ ಬಿಳಿಯ ವಲಸಿಗರೂ ಆಗ ಅನ್ಯರಾದರು. 2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾದಾಗ, ಕೊಲೆಗಾರ ದೋಣಿಯಲ್ಲಿ ಬಂದ ಮುಸ್ಲಿಂ ಆಶ್ರಿತನೆಂಬ ಸುಳ್ಳು ಹಬ್ಬಿತು. ಆತ ಕಾರ್ಡಿಫ್‌ನಲ್ಲಿ ಹುಟ್ಟಿದವನು. ಮಸೀದಿಗಳ ಮೇಲೂ ಆಶ್ರಿತರಿದ್ದ ಹೋಟೆಲುಗಳ ಮೇಲೂ ದಾಳಿಗಳಾದವು. ಆಗಸ್ಟ್ 7ರಂದು ಹಲವು ಊರುಗಳಲ್ಲಿ ಸಾವಿರಾರು ಜನ ದಾಳಿಕೋರರಿಗೆ ಅಡ್ಡವಾಗಿ ಬೀದಿಯಲ್ಲಿ ನಿಂತರು. 2025ರ ಮೇ ತಿಂಗಳಲ್ಲಿ ಲೇಬರ್ ಪ್ರಧಾನಿ ಕೀರ್ ಸ್ಟಾರ್ಮರ್, ನ್ಯಾಯವಾದ ನಿಯಮಗಳಿಲ್ಲದಿದ್ದರೆ ಬ್ರಿಟನ್ ಅಪರಿಚಿತರ ದ್ವೀಪವಾದೀತು ಎಂದರು. ಪೊವೆಲ್ ನೆನಪಾಗುತ್ತದೆಂದು ಹಲವರು ದೂರಿದ ಮೇಲೆ, ಆ ಪದಗಳನ್ನು ಬಳಸಿದ್ದಕ್ಕೆ ಮರುತಿಂಗಳು ಅವರೇ ವಿಷಾದಿಸಿದರು. ಆ ಭಾಷಣದೊಂದಿಗೆ ಪ್ರಕಟವಾದ ಶ್ವೇತಪತ್ರದಲ್ಲಿ, ನರ್ಸುಗಳೂ ಸಾಫ್ಟ್‌ವೇರ್ ಎಂಜಿನಿಯರುಗಳೂ ಶಾಶ್ವತ ವಾಸಕ್ಕೆ ಕಾಯಬೇಕಾದ ಐದು ವರ್ಷವನ್ನು ಹತ್ತಕ್ಕೆ ಏರಿಸುವ ಪ್ರಸ್ತಾವವಿತ್ತು. ಅದನ್ನು ಸರ್ಕಾರ ಹಿಂತೆಗೆದುಕೊಳ್ಳಲಿಲ್ಲ.